ಗುಂಡಣ್ಣ ನೋಡಿದ ಕಾರು

2025ರ ನವೆಂಬರ್ 14, ಶುಕ್ರವಾರ. ಬೆಳಿಗ್ಗೆ 8.40ಕ್ಕೆ ಠಾಣೆಗೆ ಬಂದ ಶ್ರೀಕರನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇತ್ತು. ಆರ್‌ಸಿ, ವಿಮೆ, ಹಳೇ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಏಳು ವರ್ಷದ ಸರ್ವಿಸ್ ಬಿಲ್ಲುಗಳು, ಎಲ್ಲವೂ ತಾರೀಖಿನ ಪ್ರಕಾರ. ವಾಹನ ಕಳೆದುಕೊಂಡವರು ಸಾಮಾನ್ಯವಾಗಿ ಬರಿಗೈಯಲ್ಲಿ ಬಂದು, ಕಾಗದಕ್ಕೆಂದು ಮತ್ತೆ ಮನೆಗೆ ಓಡುತ್ತಾರೆ. ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದವರು ಯಾರೆಂದು ಇನ್‌ಸ್ಪೆಕ್ಟರ್ ದ್ಯಾಮಣ್ಣ ಕೇಳಿದರು.

"ಗುಂಡಣ್ಣ ಮಾಮ ಸಾರ್. ನಮ್ಮ ಬೀದಿಯವರು. ಕಾರು ನೋಡಿ ಕೊಡಿಸಿದ್ದೂ ಅವರೇ."

ಕಾರು ಬಿಳಿ ಬಣ್ಣದ್ದು, ಜರ್ಮನ್ ಕಂಪನಿಯದು. ಹೊಸದನ್ನು ಕೊಳ್ಳುವ ಯೋಗ್ಯತೆ ತನಗಿಲ್ಲ ಎಂದು ಶ್ರೀಕರ್ ಕೇಳದೆಯೇ ಹೇಳಿದ. ಇಪ್ಪತ್ಮೂರು ದಿನದ ಹಿಂದೆ, ಬಲಿಪಾಡ್ಯಮಿಯ ದಿನ, ಕನಕಪುರ ರಸ್ತೆಯ ಒಂದು ಸೆಕೆಂಡ್ ಹ್ಯಾಂಡ್ ಶೋರೂಮಿನಿಂದ ತಂದದ್ದು. ನಾಳೆ ಬೆಳಿಗ್ಗೆ ಆರಕ್ಕೆ ಅದರಲ್ಲಿ ಶೃಂಗೇರಿಗೆ ಹೊರಡಬೇಕಿತ್ತು. ನಾಲ್ಕು ವರ್ಷದ ಮಗಳು ಇಂಚರಳಿಗೆ ಅಲ್ಲಿ ಅಕ್ಷರಾಭ್ಯಾಸ. ಇವತ್ತು ಬೆಳಿಗ್ಗೆ ಹಾಲು ತರಲು ಹೊರಗೆ ಬಂದರೆ ಗೇಟು ಹಾಕಿದಂತೆಯೇ ಇದೆ, ಕಾರಿಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ 9.25ಕ್ಕೆ ಎಫ್‌ಐಆರ್ ಆಯಿತು.

ಪದ್ಮನಾಭನಗರದ ಮನೆಗೆ ದ್ಯಾಮಣ್ಣ ಮತ್ತು ಹೆಡ್ ಕಾನ್‌ಸ್ಟೆಬಲ್ ಮುತ್ತುರಾಜ ತಲುಪಿದಾಗ 10.15. ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಒಡೆದ ಗಾಜಿನ ಚೂರಿಲ್ಲ, ಎಳೆದುಕೊಂಡು ಹೋದ ಗುರುತಿಲ್ಲ. ಕಾರು ನಿಂತಿದ್ದ ಜಾಗದಲ್ಲಿ ಮಾತ್ರ ನೆಲ ರಾತ್ರಿಯ ತುಂತುರಿಗೆ ನೆನೆಯದೆ ಒಣಗಿತ್ತು. ಒಂದು ಕೀ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಎರಡನೆಯದು ಬೀರುವಿನಲ್ಲಿದೆ ಎಂದು ಶ್ರೀಕರನ ತಾಯಿ ಕಮಲಾದೇವಿ ಎದ್ದು ಹೋಗಿ ತೆರೆದು ನೋಡಿದರು. ಇರಲಿಲ್ಲ.

"ಮನೆಗೆ ಯಾರ್ ಯಾರು ಬಂದಿದ್ರು ಅಮ್ಮಾ, ಈ ವಾರ?" ಎಂದು ಮುತ್ತುರಾಜ ಕೇಳಿದ.

ಕಮಲಾದೇವಿ ಯೋಚಿಸಿದರು. ಕೆಲಸದವಳು ಅಡುಗೆಮನೆ ದಾಟಿ ಬರುವುದಿಲ್ಲ. ಸೊಸೆ ಶ್ವೇತಾಳ ತವರಿನವರು ದೀಪಾವಳಿಗೆ ಬಂದು ಹೋದರು. "ಹೊರಗಿನವರು ಯಾರೂ ಬಂದಿಲ್ಲ," ಎಂದರು. ಮುತ್ತುರಾಜ ಅದನ್ನು ಹಾಗೆಯೇ ಬರೆದುಕೊಂಡ.

ಅಷ್ಟರಲ್ಲಿ ಗುಂಡಣ್ಣ ಬಂದರು. ಅರವತ್ತಾರು ವರ್ಷ, ಬಸ್ ಡಿಪೋ ಒಂದರಲ್ಲಿ ಫೋರ್‌ಮನ್ ಆಗಿ ನಿವೃತ್ತಿ, ಹೆಂಡತಿ ಇಲ್ಲ, ಮಕ್ಕಳಿಲ್ಲ. ಈ ಮನೆಯಲ್ಲಿ ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲವೆಂದು ತಿಳಿದು ಒಂದು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಒಳಗೆ ಬರುವ ಮುಂಚೆ ಪೊಲೀಸ್ ಜೀಪನ್ನು ಒಂದು ಸುತ್ತು ಹಾಕಿ, ನಾಲ್ಕೂ ಟೈರಿಗೆ ಚಪ್ಪಲಿ ಕಾಲಿನಿಂದ ಮೆಲ್ಲಗೆ ತಟ್ಟಿದರು.

"ಹಿಂದ್ಗಡೆ ಎಡದ್ದು ಗಾಳಿ ಕಮ್ಮಿ ಇದೆ ಸಾರ್."

ಮುತ್ತುರಾಜ ನಕ್ಕ. ಆಮೇಲೆ ಬಂಕಿನಲ್ಲಿ ನೋಡಿಸಿದರೆ ನಿಜಕ್ಕೂ ಕಮ್ಮಿ ಇತ್ತು.

ಈ ಸುತ್ತಿನ ಮೂರು ಬೀದಿಗಳಲ್ಲಿ ಯಾರೇ ಹಳೇ ಗಾಡಿ ಕೊಂಡರೂ ಗುಂಡಣ್ಣ ಬಂದು ನೋಡಬೇಕು, ಅವರು ಹೂಂ ಅನ್ನಬೇಕು. ಮೂವತ್ತು ವರ್ಷದಿಂದ ಹೀಗೆ. ದುಡ್ಡು ಮುಟ್ಟುವುದಿಲ್ಲ, ಕಾಫಿ ಕುಡಿಯುತ್ತಾರೆ ಎಂದು ಶ್ರೀಕರ್ ವಿವರಿಸಿದ. ದ್ಯಾಮಣ್ಣ ಸ್ವತಃ ಒಂದು ಹಳೇ ಕಾರು ಕೊಳ್ಳುವ ಯೋಚನೆಯಲ್ಲಿದ್ದವರು. ಏನೇನು ನೋಡಬೇಕೆಂದು ಕೇಳಿದರು, ಅರ್ಧ ತನಿಖೆಗೆ, ಅರ್ಧ ಸ್ವಂತಕ್ಕೆ.

ಗುಂಡಣ್ಣ ಹೇಳುತ್ತಾ ಹೋದರು. ಬೆಳಿಗ್ಗೆ ಹೋಗಬೇಕು, ಇಂಜಿನ್ ತಣ್ಣಗಿರುವಾಗ. ಮುಟ್ಟಿ ನೋಡಿದಾಗ ಬಿಸಿಯಿದ್ದರೆ ಅವರು ಏನನ್ನೋ ಮುಚ್ಚಿಡಲು ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ಮೈಯೆಲ್ಲ ಅಯಸ್ಕಾಂತ ಆಡಿಸಬೇಕು, ಕುಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದ ಕಡೆ ಅದು ಹಿಡಿಯುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಬೇಕು. ನೆರೆ ನೀರು ಹೊಕ್ಕ ಕಾರಾದರೆ ಆ ತುದಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ, ಅದನ್ನು ತೊಳೆಯಲು ಎಲ್ಲರೂ ಮರೆಯುತ್ತಾರೆ. ಮೀಟರಿನಲ್ಲಿ ನಲವತ್ತು ಸಾವಿರ ಕಿಲೋಮೀಟರ್ ಅಂತಿದ್ದು ಬ್ರೇಕ್ ಪೆಡಲಿನ ರಬ್ಬರ್ ಸವೆದಿದ್ದರೆ ರಬ್ಬರನ್ನು ನಂಬಬೇಕು. ಚಾಸಿ ನಂಬರ್ ಬರೀ ಕಾಗದದಲ್ಲಲ್ಲ, ಕಬ್ಬಿಣದ ಮೇಲೆ ಓದಬೇಕು. ಎರಡೂ ಕೀ ಕೇಳಿ ಪಡೆಯಬೇಕು.

"ಎಲೆಕ್ಟ್ರಾನಿಕ್ಸ್?"

"ಅದೂ ನೋಡ್ಬೇಕು," ಎಂದು ಗುಂಡಣ್ಣ ಲೋಟಗಳನ್ನು ಜೋಡಿಸತೊಡಗಿದರು.

12.30ಕ್ಕೆ ಶೋರೂಮು. ಕಾರು ಮಾರಿದ ಮೋಹಿತ್‌ಗೆ ಮೂವತ್ತೋ ಮೂವತ್ತೈದೋ. ಡೀಲರುಗಳು ಕಳ್ಳ ಕೀ ಇಟ್ಟುಕೊಂಡು ಮಾರಿದ ಕಾರನ್ನೇ ಕದಿಯುವುದನ್ನು ದ್ಯಾಮಣ್ಣ ಹಿಂದೆ ಕಂಡಿದ್ದರು, ಹಾಗಾಗಿ ಮೊದಲ ಅನುಮಾನ ಇವನ ಮೇಲೇ. ಮೋಹಿತ್ ಡೆಲಿವರಿ ಪತ್ರ ತೋರಿಸಿದ. ಎರಡು ಕೀ ಕೊಟ್ಟಿದೆ ಎಂದು ಶ್ರೀಕರ್ ಸಹಿ, ಕೆಳಗೆ ಸಾಕ್ಷಿಯಾಗಿ ಗುಂಡಣ್ಣನವರ ಸಹಿ. ಕಂಪನಿಯ ಸರ್ವಿಸ್ ಸೆಂಟರಿಗೆ ಮುತ್ತುರಾಜ ಫೋನ್ ಮಾಡಿ ವಿಚಾರಿಸಿದ. ಆ ಚಾಸಿ ನಂಬರಿಗೆ ಇದುವರೆಗೆ ಎರಡೇ ಕೀ ಕೊಟ್ಟಿರುವುದು, ಮೂರನೆಯದು ಇಲ್ಲ. ಗುರುವಾರ ಸಂಜೆಯಿಂದ ಇವತ್ತು ಬೆಳಿಗ್ಗೆಯವರೆಗೆ ಮೋಹಿತ್ ಮದುವೆಯೊಂದಕ್ಕೆ ಹೊಸೂರಿಗೆ ಹೋಗಿದ್ದ. ಟೋಲ್ ರಸೀದಿ ಇತ್ತು.

"ಆ ಅಂಕಲ್ ಎರಡು ಗಂಟೆ ನೋಡಿದ್ರು ಸಾರ್. ಮ್ಯಾಟ್ ಎತ್ತಿ ಮೂಸಿದ್ರು. ನಂಗೇ ಭಯ ಆಗೋಯ್ತು."

"ಕಾರಿನ ಎಲೆಕ್ಟ್ರಾನಿಕ್ಸ್ ನೋಡೋ ಸ್ಕ್ಯಾನರ್ ಹಾಕಿದ್ರಾ?"

"ಇಲ್ಲ ಸಾರ್. ಅವರು ಓಲ್ಡ್ ಸ್ಕೂಲ್." ಮೋಹಿತ್ ಸಣ್ಣಗೆ ನಕ್ಕ. ಆ ನಗು ಕಳ್ಳತನಕ್ಕೆ ಸಂಬಂಧಿಸಿದ್ದಲ್ಲ ಎಂದು ದ್ಯಾಮಣ್ಣನಿಗೆ ಅನಿಸಿತು. ಆದರೆ ಯಾವುದಕ್ಕೋ ಸಂಬಂಧಿಸಿದ್ದು.

ಮಧ್ಯಾಹ್ನ 3.30. ಎದುರು ಮನೆಯ ಸಿಸಿಟಿವಿಯಲ್ಲಿ ಬೆಳಿಗ್ಗೆ 5.12ಕ್ಕೆ ಒಬ್ಬ ಬರುತ್ತಾನೆ. ಮಂಕಿ ಕ್ಯಾಪ್, ಮಫ್ಲರ್. ಗೇಟು ತೆರೆದು ಕಾರಿನಲ್ಲಿ ಕೂತವನು ತಕ್ಷಣ ಹೊರಡುವುದಿಲ್ಲ. ಸೀಟು ಮುಂದಕ್ಕೆ ಮಾಡಿಕೊಳ್ಳುತ್ತಾನೆ, ಕನ್ನಡಿ ಸರಿಮಾಡಿಕೊಳ್ಳುತ್ತಾನೆ. ರಸ್ತೆಗೆ ತಂದು ನಿಲ್ಲಿಸಿ, ಇಳಿದು, ಗೇಟು ಹಾಕಿ ಅಗುಳಿ ಸಿಕ್ಕಿಸುತ್ತಾನೆ. ಖಾಲಿ ರಸ್ತೆಯಲ್ಲಿ ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕುತ್ತಾನೆ. ಉತ್ತರಹಳ್ಳಿ ರಸ್ತೆಯ ಕ್ಯಾಮೆರಾದಲ್ಲಿ, ಹಿಂದೆ ಮುಂದೆ ಒಂದು ನಾಯಿಯೂ ಇಲ್ಲದ ಸಿಗ್ನಲ್ಲಿನಲ್ಲಿ, ಕೆಂಪು ದೀಪಕ್ಕೆ ಪೂರ್ತಿ ನಿಂತಿದ್ದಾನೆ.

"ಕದಿಯಕ್ ಬಂದಿದಾನೋ ಲೈಸೆನ್ಸ್ ಟೆಸ್ಟ್ ಕೊಡಕ್ ಬಂದಿದಾನೋ ಸಾರ್ ಇವ್ನು," ಎಂದ ಮುತ್ತುರಾಜ.

ದ್ಯಾಮಣ್ಣ ಮೊದಲ ದೃಶ್ಯಕ್ಕೆ ಹಿಂದಿರುಗಲು ಹೇಳಿದರು. ಗೇಟು ಹಾಕಿದ ಮೇಲೆ, ಮತ್ತೆ ಕಾರು ಹತ್ತುವ ಮುಂಚೆ, ಆ ಮನುಷ್ಯ ಒಂದು ಸುತ್ತು ಹಾಕುತ್ತಾನೆ. ನಾಲ್ಕೂ ಟೈರಿಗೆ ಕಾಲಿನಿಂದ ಮೆಲ್ಲಗೆ ತಟ್ಟುತ್ತಾನೆ.

ಮುತ್ತುರಾಜ ಕುರ್ಚಿಯಿಂದ ಎದ್ದ.

"ಕರ್ಕೊಂಡ್ ಬರ್ಲಾ ಸಾರ್?"

"ತಡೀರಿ. ಮೊದಲು ಕಾರು ಸಿಗಲಿ. ಯಾಕಂತ ನನಗಿನ್ನೂ ತಿಳಿದಿಲ್ಲ."

ಸುಬ್ರಹ್ಮಣ್ಯಪುರದ ಪೆಟ್ರೋಲ್ ಬಂಕ್ ದಾಟಿದ ಕಾರು ವಸಂತಪುರದ ಮುಂದೆ ಯಾವ ಕ್ಯಾಮೆರಾದಲ್ಲೂ ಇರಲಿಲ್ಲ. ನಾಲ್ಕು ಜನ ಕಾನ್‌ಸ್ಟೆಬಲ್‌ಗಳು ಆ ಗಲ್ಲಿಗಳಲ್ಲಿ ಅಲೆದರು. ಸಂಜೆ 5.20ಕ್ಕೆ, ಮುಚ್ಚಿಹೋದ ಲೇತ್ ವರ್ಕ್‌ಶಾಪ್ ಒಂದರ ಶೆಡ್ಡಿನ ಮುಂದೆ ಹೊಸ ಟೈರ್ ಗುರುತು ಸಿಕ್ಕಿತು. ಮಾಲೀಕನಿಗೆ ಫೋನ್ ಹೋಯಿತು. ಹಳೇ ಡಿಪೋ ಸ್ನೇಹಿತ ಗುಂಡಣ್ಣ ಸಾಮಾನು ಇಡಬೇಕೆಂದು ಮಂಗಳವಾರ ಬೀಗದ ಕೈ ಇಸ್ಕೊಂಡು ಹೋದ ಎಂದ.

ಒಳಗೆ ಕಾರಿತ್ತು, ಟಾರ್ಪಾಲಿನ್ ಹೊದ್ದುಕೊಂಡು. ಚಕ್ರಗಳಿಗೆ ಮರದ ತುಂಡು ಕೊಟ್ಟಿತ್ತು. ಬ್ಯಾಟರಿಯ ತಂತಿ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿತ್ತು. ಒಂದು ಸಾಮಾನೂ ಹೋಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಇಂಚರಳ ಕೂದಲ ಕ್ಲಿಪ್ಪು ಕೂಡ ಇತ್ತು. ಮುಂದಿನ ಖಾನೆಯಲ್ಲಿ ಮಡಚಿದ ಒಂದು ಪ್ರಿಂಟ್ ಕಾಗದ. ಮೇಲೆ ಪದ್ಮನಾಭನಗರದ ಗ್ಯಾರೇಜಿನ ಹೆಸರು, ತಾರೀಖು ನವೆಂಬರ್ 10. ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿತ್ತು: ಏರ್‌ಬ್ಯಾಗ್ ಘಟಕದಿಂದ ಉತ್ತರವಿಲ್ಲ.

ಗ್ಯಾರೇಜಿನ ಸೀನುವನ್ನು ಶೆಡ್ಡಿಗೇ ಕರೆಸಿದರು. ಅವನು ಕಾರು ನೋಡಿ, ಪೊಲೀಸರನ್ನು ನೋಡಿ, "ಮೇಷ್ಟ್ರು ಹೇಳಿಬಿಟ್ರಾ ಸಾರ್?" ಎಂದ. ಗುಂಡಣ್ಣನನ್ನು ಅವನು ಮೇಷ್ಟ್ರು ಅನ್ನುವುದು.

ಸೋಮವಾರ ಗುಂಡಣ್ಣ ಟೈರಿಗೆ ಗಾಳಿ ಹೊಡೆಸಿಕೊಂಡು ಬರುತ್ತೇನೆಂದು ಶ್ರೀಕರನ ಮನೆಯಲ್ಲಿ ಹೇಳಿ ಈ ಕಾರನ್ನು ಅವನ ಗ್ಯಾರೇಜಿಗೆ ತಂದಿದ್ದರು. ಸ್ಕ್ಯಾನರ್ ಹಾಕು ಎಂದರು. ಕಾಗದ ಬಂದ ಮೇಲೆ ಸ್ಟಿಯರಿಂಗಿನ ಮುಚ್ಚಳ ತೆಗೆಸಿದರು. ಸೀನು ಈಗ ಪಂಚರ ಎದುರು ಅದನ್ನೇ ಮತ್ತೆ ತೆಗೆದ. ಏರ್‌ಬ್ಯಾಗ್ ಇರಬೇಕಾದ ಗೂಡಿನಲ್ಲಿ ಸ್ಪಂಜು ತುಂಬಿತ್ತು. ಪಕ್ಕದ ಸೀಟಿನ ಎದುರೂ ಹಾಗೆಯೇ. ಹಿಂದೆ ಎಲ್ಲೋ ದೊಡ್ಡ ಡಿಕ್ಕಿಯಾಗಿ ಬ್ಯಾಗುಗಳು ಬಿಚ್ಚಿಕೊಂಡಿವೆ. ಹೊಸದು ಹಾಕಿಸಲು ಲಕ್ಷಗಟ್ಟಲೆ ಬೇಕು, ಹಾಗಾಗಿ ಮುಚ್ಚಳ ಮಾತ್ರ ಹೊಸದು. ಎಚ್ಚರಿಕೆಯ ದೀಪ ಉರಿಯುತ್ತಲೇ ಇರದಿರಲೆಂದು ಅದರ ತಂತಿಯನ್ನು ಇಂಜಿನ್ ಆಯಿಲ್ ದೀಪದ ತಂತಿಗೆ ಸೇರಿಸಿದ್ದರು.

"ಯಾರಿಗೂ ಹೇಳ್ಬೇಡ, ನಾನೇ ಹೇಳ್ತೀನಿ ಅಂದ್ರು ಸಾರ್. ಕಾರು ಕಳುವಾಯ್ತು ಅಂತ ಇವತ್ತು ಕೇಳಿದಾಗ, ನಂಗೆ... ಮೇಷ್ಟ್ರನ್ನ ಕೇಳೋಕೆ ಧೈರ್ಯ ಆಗ್ಲಿಲ್ಲ."

ಕರೆಸಿದ ಮೇಲೆ ಗುಂಡಣ್ಣ ಠಾಣೆಗೆ ಬಂದಾಗ ಸಂಜೆ 7.05. ಕೂರಿ ಎಂದರೂ ಒಂದು ನಿಮಿಷ ನಿಂತೇ ಇದ್ದರು. ದ್ಯಾಮಣ್ಣ ಸ್ಕ್ಯಾನರಿನ ಕಾಗದವನ್ನು ಮೇಜಿನ ಮೇಲಿಟ್ಟರು.

"ಯಾವಾಗ ತಿಳೀತು?"

"ಭಾನುವಾರ. ದೇವಸ್ಥಾನಕ್ಕೆ ಕರ್ಕೊಂಡ್ ಹೋಗಿದ್ರು, ಮುಂದೆ ಕೂತಿದ್ದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಬೇಕು, ಸ್ವಲ್ಪ ಹೊತ್ತಿಗೆ ತಾನಾಗೇ ಆರಬೇಕು. ಇದು ಆಯಿಲ್ ದೀಪದ ಜೊತೇಲೇ ಆರ್ತು. ಎರಡು ಸಲ ನೋಡಿದೆ."

"ಕೊಳ್ಳೋ ದಿನ ನೋಡಲಿಲ್ಲ?"

"ಇಲ್ಲ."

"ಎರಡನೇ ಕೀ ಹೆಂಗ ಸಿಕ್ಕಿತು?"

"ಸೆಲ್ ವೀಕ್ ಆಗಿರುತ್ತೆ, ನೋಡ್ತೀನಿ ಅಂದೆ. ಕಮಲಮ್ಮನೇ ಬೀರು ತೆಗೆದು ಕೊಟ್ರು. ಬುಧವಾರ."

"ಅವರು ನಮಗ ಹೇಳಲಿಲ್ಲ."

"ಹೊರಗಿನವರು ಅಂದ್ರೆ ನಾನು ನೆನಪಿಗೆ ಬರಲ್ಲ ಸಾರ್ ಅವರಿಗೆ."

ಯೋಜನೆ ಏನಿತ್ತೆಂದು ದ್ಯಾಮಣ್ಣ ಕೇಳಿದರು. ದೊಡ್ಡದೇನೂ ಇರಲಿಲ್ಲ. ಶನಿವಾರದ ಪ್ರಯಾಣ ನಿಲ್ಲಬೇಕಿತ್ತು. ಮುಂದಿನ ಸೀಟಿನಲ್ಲಿ ಕಮಲಮ್ಮ ಕೂರುತ್ತಾರೆ, ತೊಡೆಯ ಮೇಲೆ ಮಗು; ಬೇಡ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಕಾರು ಸಿಗದಿದ್ದರೆ ಶ್ರೀಕರನಿಗೆ ವಿಮೆ ಬರುತ್ತದೆ, ಬೇರೆ ಕೊಳ್ಳುತ್ತಾನೆ. ಆಗ ಸೀನುವನ್ನು ಜೊತೆಗೆ ಕರೆದುಕೊಂಡು ಹೋಗುವುದು ಎಂದುಕೊಂಡಿದ್ದರು.

"ಒಂದು ಮಾತು ಹೇಳಿದ್ರ ಆಗ್ತಿತ್ತಲ್ರೀ. ಕಾರು ಸರಿ ಇಲ್ಲಪ್ಪಾ ಅಂತ."

"ಸೋಮವಾರ ಹೇಳೋಕೆ ಹೋದೆ. ಕಾಫಿ ಕೊಟ್ರು, ಕುಡಿದು ಬಂದೆ. ಬುಧವಾರ ಹೋದಾಗ ಅವನು ಆಫೀಸಿನವರ ಹತ್ರ ಫೋನಲ್ಲಿದ್ದ. ನಮ್ಮ ಮಾಮ ನೋಡಿದ ಗಾಡಿ, ಕಣ್ ಮುಚ್ಕೊಂಡ್ ತಗೊಂಡೆ ಅಂತಿದ್ದ." ಗುಂಡಣ್ಣ ಕಾಗದವನ್ನು ಮಡಿಕೆಯ ಗೆರೆಯಲ್ಲೇ ಮತ್ತೆ ಮಡಚಿದರು. "ಸ್ಕ್ಯಾನರ್ ನಂಗೆ ಬರಲ್ಲ ಸಾರ್. ಈ ಹೊಸ ಗಾಡಿಗಳು ಬಂದಾಗಿಂದ ನಂಗೆ ಅರ್ಧ ತಿಳಿಯಲ್ಲ. ಹತ್ತು ವರ್ಷ ಆಯ್ತು. ಕರೀತಾರೆ, ಹೋಗ್ತೀನಿ."

"ಅಂದ್ರ ಆ ಹತ್ತು ವರ್ಷದಾಗ ನೋಡಿದ ಉಳಿದ ಕಾರು?"

ಗುಂಡಣ್ಣ ಮಡಚಿದ ಕಾಗದವನ್ನು ಮೇಜಿನ ಆ ಬದಿಗೆ ಸರಿಸಿದರು. ದ್ಯಾಮಣ್ಣ ತಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೆಳಿಗ್ಗೆ ಬರೆದುಕೊಂಡದ್ದನ್ನು ನೋಡಿದರು. ಅಯಸ್ಕಾಂತ, ಬೆಲ್ಟು, ಪೆಡಲು. ಒಂದೂ ತಪ್ಪಿರಲಿಲ್ಲ. ಒಬ್ಬ ಮನುಷ್ಯ ಬೆಳಗಿನ ಜಾವ ಎದ್ದು, ಮಂಕಿ ಕ್ಯಾಪ್ ಹಾಕಿಕೊಂಡು, ಜೈಲಿಗೆ ಹೋಗಬಹುದಾದ ಕೆಲಸವನ್ನು ಇಂಡಿಕೇಟರ್ ಹಾಕಿಕೊಂಡು ಮಾಡಿದ್ದ. ಗೊತ್ತಾಗಲಿಲ್ಲ ಎಂದು ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು ಎನ್ನುತ್ತದೆ ಕಾನೂನು. ಇದರಲ್ಲಿ ಅದು ಎಷ್ಟಿತ್ತು, ಎಲ್ಲಿತ್ತು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ ಎಂದು ಅವರು ಬರೆಯಲು ಹೇಳಿದರು. ಮೋಹಿತ್‌ನನ್ನು ವಂಚನೆಗೆ ಹಿಡಿಯಬೇಕಾದರೆ ಶ್ರೀಕರ್ ಇನ್ನೊಂದು ದೂರು ಕೊಡಬೇಕು. ದೂರು ಕೊಡಬೇಕಾದರೆ ಮೊದಲು ಅವನಿಗೆ ತಿಳಿಯಬೇಕು.

7.50ಕ್ಕೆ ದಸ್ತಗಿರಿ. ಮುತ್ತುರಾಜ ಮೆಮೋ ತುಂಬುತ್ತಾ ಬಂದ. ಹೆಸರು, ವಯಸ್ಸು, ವಿಳಾಸ, ಮೈಮೇಲಿನ ಗುರುತು. ದಸ್ತಗಿರಿಯ ವಿಷಯ ತಿಳಿಸಬೇಕಾದ ಸಂಬಂಧಿಕರು ಅಥವಾ ಸ್ನೇಹಿತರ ಹೆಸರು ಎಂಬಲ್ಲಿಗೆ ಬಂದು ತಲೆಯೆತ್ತಿದ.

"ಯಾರಿಗ್ ತಿಳಿಸ್ಬೇಕು ಯಜಮಾನ್ರೇ?"

"ಶ್ರೀಕರಂಗೆ."

"ಅವ್ರು ಫಿರ್ಯಾದಿ. ಬೇರೆ ಯಾರಾದ್ರೂ..."

"ಬೇರೆ ಯಾರೂ ಇಲ್ಲ."

ಮುತ್ತುರಾಜ ಇನ್‌ಸ್ಪೆಕ್ಟರ್ ಮುಖ ನೋಡಿದ. ದ್ಯಾಮಣ್ಣ ತಮ್ಮ ಮೊಬೈಲಿನಲ್ಲಿ ನಂಬರ್ ಒತ್ತಿ, ಫೋನನ್ನು ಗುಂಡಣ್ಣನ ಕಡೆ ಸರಿಸಿದರು. "ನೀವೇ ಹೇಳ್ರಿ."

ಎರಡನೇ ರಿಂಗಿಗೆ ಶ್ರೀಕರ್ ಎತ್ತಿಕೊಂಡ. ದನಿ ಕೇಳಿದೊಡನೆ, ಎಲ್ಲಿದೀರಾ ಮಾಮ, ಊಟಕ್ಕೆ ಕಾಯ್ತಾ ಇದೀವಿ ಎಂದ. ಹಿಂದೆ ಮಗು ಏನೋ ಹಾಡುತ್ತಿತ್ತು. ಗುಂಡಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಶ್ರೀಕರ, ಆ ಕಾರಲ್ಲಿ ಏರ್‌ಬ್ಯಾಗ್ ಇಲ್ಲ ಕಣೋ. ನಾನು ನೋಡ್ಲಿಲ್ಲ. ನಂಗೆ ಅದನ್ನ ನೋಡೋಕೆ ಬರಲ್ಲ."

ಆ ಕಡೆ ಮಗುವಿನ ಹಾಡು ದೂರವಾಯಿತು, ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ಶ್ರೀಕರ್, ಈ ಸಲ ನಿಧಾನವಾಗಿ, ನೀವೀಗ ಎಲ್ಲಿದೀರಾ ಎಂದು ಮತ್ತೆ ಕೇಳಿದ. ಅದನ್ನು ಹೇಳುವುದು ಗುಂಡಣ್ಣನಿಗೆ ಅಷ್ಟೇನೂ ಕಷ್ಟವಾಗಲಿಲ್ಲ.