ಅಂಬಿಕ ಮೇಡಂ ಅವರ ನೇರಳೆ ಪುಡಿ

ಆ ದಿನ ಬೆಳಗ್ಗೆ ಉರಿಗಾಂ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳೇ ಕಾಣುತ್ತಿರಲಿಲ್ಲ. ನಾನು ಮುರುಗನಿಗೆ ಕೈಮುಗಿದು ಗುಡಿಯಿಂದ ಹೊರಬಂದಾಗ ಗೆಳೆಯ ಕುಪ್ಪುಸ್ವಾಮಿ ಆಟೋದಲ್ಲಿ ಕೂತಿದ್ದ.

"ಅತ್ತಯ್ಯಾ ಮುನಿಸ್ವಾಮಪ್ಪ, ಬಂಗಾರಪೇಟೆಗೆ ಓಗಾನ. ನಮ್ಮ ಅಂಬಿಕ ಫೋನ್‌ನಾಗೆ ಅಳ್ತಾವ್ಳೆ."

ಗಣಿ ನಡೆಯುತ್ತಿದ್ದಾಗ ಕುಪ್ಪುಸ್ವಾಮಿ ಇಪ್ಪತ್ತು ವರ್ಷ ಗೇಟಿನಲ್ಲಿ ನಿಂತು, ಪಾಳಿ ಮುಗಿಸಿ ಮೇಲೆ ಬಂದವರನ್ನು ತಪಾಸಣೆ ಮಾಡಿದವನು. ಜೇಬು ಮುಟ್ಟುವ ಮೊದಲು ಮುಖ ನೋಡುತ್ತಿದ್ದ. ಈಗಲೂ ನಮ್ಮ ಕಡೆ ಏನು ಕಳೆದರೂ ಮೊದಲು ಅವನಿಗೇ ಕರೆ.

ಅಂಬಿಕ ನಮ್ಮ ಸಾಲುಮನೆಯ ಗಣಿ ಕಾರ್ಮಿಕನ ಮಗಳು. ಬಂಗಾರಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿ. ನಾವು ತಲುಪಿದಾಗ ಲ್ಯಾಬಿನ ನೆಲದ ಮೇಲೇ ಕುಸಿದು ಕೂತಿದ್ದಳು. ಕೈಯಲ್ಲಿ ಖಾಲಿ ಸೀಸೆ.

"ಹೋಯ್ತು ಮಾಮ. ಕಬ್ಬಿಣದಿಂದ ಮಾಡಿದ ನೇರಳೆ ಪುಡಿ, ಎರಡೇ ಚಮಚ. ಬಿಸಿ ತಗುಲಿದರೆ ಅದರ ಕಾಂತಗುಣ, ಬಣ್ಣ ಎರಡೂ ಬದಲಾಗುತ್ತೆ. ಆಮೇಲೆ ಮಂಜುಗಡ್ಡೆ ಮುಟ್ಟೋವರೆಗೂ ಆ ಬಿಸಿಯನ್ನ ಮರೆಯಲ್ಲ. ಆ ನೆನಪಿನ ಹಿಂದೆ ಇಪ್ಪತ್ತಾರು ವರ್ಷ ಸವೆಸಿದೆ. ಅದನ್ನ ಅಳೆಯೋ ಯಂತ್ರ ಬೆಂಗಳೂರಲ್ಲಿ ಇವತ್ತು ಮಧ್ಯಾಹ್ನ ಒಂದೇ ಹೊತ್ತು ಸಿಕ್ಕಿರೋದು. ತಿಂಗಳ ಕೊನೆಗೆ ನಿವೃತ್ತಿ. ಮತ್ತೆ ಮಾಡೋಕೆ ನನಗೆ ಲ್ಯಾಬೇ ಇರಲ್ಲ."

ಹನ್ನೊಂದರ ರೈಲಿಗೆ ಒಂದು ಗಂಟೆಯಷ್ಟೇ ಉಳಿದಿತ್ತು.

ಲ್ಯಾಬಿನ ಬೀಗದ ಕೈ ಇದ್ದದ್ದು ಮೂವರ ಬಳಿ: ಅಂಬಿಕ, ಸಹಾಯಕ ನರೇಶ್, ಕಸ ಗುಡಿಸುವ ಕದಿರಮ್ಮ. ಬೆಳಗ್ಗೆ ಮೊದಲು ಬಂದವನು ನರೇಶ್. ಆಮೇಲೆ ಯಾರೂ ಹೊರಗೆ ಹೋಗಿರಲಿಲ್ಲ. ಕಾವಲಿನವನು ಚೀಲಗಳನ್ನೆಲ್ಲ ಜಾಲಾಡಿದ್ದ. ನೇರಳೆಯ ಒಂದು ಕಣವೂ ಸಿಕ್ಕಿರಲಿಲ್ಲ.

"ಕಪಾಟು ಒರೆಸೋದು ಕದಿರಮ್ಮನೇ," ಎಂದ ನರೇಶ್ ತಲೆ ಎತ್ತದೆ.

"ನಾನ್ಯಾಕಪ್ಪ ತಗೊಳ್ಳಲಿ? ಅದೇನು ಸಾರಿಗೆ ಆಕೋ ಪುಡಿನಾ?" ಎಂದು ರೇಗಿದಳು ಕದಿರಮ್ಮ.

ಗೋಡೆಯ ಮೇಲಿನ ಶಿವನ ಪಟದ ಮುಂದೆ ದೀಪ ಉರಿಯುತ್ತಿತ್ತು. ವಿಭೂತಿ ಇಟ್ಟುಕೊಳ್ಳದೆ ಅಲ್ಲಿ ಯಾರೂ ಕೆಲಸಕ್ಕೆ ಕೈ ಹಚ್ಚುವುದಿಲ್ಲವಂತೆ. ನಾನೂ ಬಟ್ಟಲಿನಿಂದ ಚಿಟಿಕೆ ತೆಗೆದು, 'ಈ ಮಗಳ ಕೈಬಿಡಬೇಡಪ್ಪ' ಎಂದು ಹಣೆಗಿಟ್ಟೆ. ಮರಳಿನಂತೆ ಉದುರಿತು.

"ಇವತ್ಯಾಕೋ ನಿಲ್ತಾನೇ ಇಲ್ಲ ಸಾಮಿ," ಎಂದಳು ಕದಿರಮ್ಮ, ತನ್ನ ಹಣೆ ಮುಟ್ಟಿಕೊಂಡು.

ಕುಪ್ಪುಸ್ವಾಮಿ ಚಳಿಗೆ ಕೈ ಉಜ್ಜುತ್ತ ಪಾತ್ರೆ ತೊಳೆಯುವ ತೊಟ್ಟಿಯೊಳಗೆ ಇಣುಕಿದ. ಒಲೆಯ ಮೇಲೆ ಗಾಜಿನ ಪಾತ್ರೆ ಕಾಯಿಸಲು ಮರಳು ತುಂಬಿಟ್ಟ ಬಾಣಲೆಯ ಮೇಲೆ ಅಂಗೈ ಇಟ್ಟ. ಕೊನೆಗೆ ಮೂವರ ಮುಖಗಳನ್ನೂ ನಿಧಾನವಾಗಿ ನೋಡಿದ.

"ಎಲ್ಲರೂ ಇಲ್ಲಿ ಬನ್ನಿ. ಅಮ್ಮಾ, ಒಸಿ ಮಂಜುಗಡ್ಡೆ ಕೊಡು."

ಫ್ರಿಜ್ಜಿನಿಂದ ಬಂದ ಮಂಜುಗಡ್ಡೆಯ ಮೇಲೆ ಕಾಗದ ಹಾಸಿ, ಅದರ ಮೇಲೆ ಬಟ್ಟಲಿನ ವಿಭೂತಿ ಚಿಟಿಕೆಯಷ್ಟು ಉದುರಿಸಿದ. ನಾವು ಬಗ್ಗಿ ನೋಡಿದೆವು. ಬಿಳಿ ಪುಡಿ ಅಂಚಿನಿಂದ ಬಣ್ಣ ತಿರುಗುತ್ತ ಬಂದು ಪೂರ್ತಿ ನೇರಳೆಯಾಯಿತು. ಕುಪ್ಪುಸ್ವಾಮಿ ಅಂಬಿಕಳ ಕಡೆ ತಿರುಗಿದ.

"ನೀನೇ ಏಳಿದ್ದೆ ತಾಯಿ, ಬಿಸೀನ ಮರೆಯಲ್ಲ ಅಂತ. ಆದ್ರೆ ಕಳಕೊಂಡ ದುಃಖದಾಗೆ ನೇರಳೇನೇ ಉಡುಕ್ತಿದ್ದೆ. ಇಂಥ ಚಳೀಲಿ, ಯಾರೂ ಕೆಲಸ ಶುರು ಮಾಡದೆ ಇದ್ರೂ ಮರಳು ಬೆಚ್ಚಗಿತ್ತು. ಪುಡಿ ಬಿಸಿಯಾಗಿ ಬೆಳ್ಳಗಾಗೈತೆ. ನಿಜವಾದ ವಿಭೂತಿ ತೊಟ್ಟಿ ಸೇರೈತೆ. ಬೂದಿಯ ಗೆರೆ ಇನ್ನೂ ಅಸಿಯಾಗೇ ಅದೆ. ಬಿಸಿಗೆ ಬಣ್ಣ ಬದಲಾಗೋದು ಕದಿರಮ್ಮಂಗೆ ಗೊತ್ತಿಲ್ಲ."

"ಹಾಗಾದ್ರೆ…" ಅಂಬಿಕ ತಿರುಗಿದಳು.

"ಅಣೆ ನೋಡು. ನಿನ್ನ ಅಣೇಲಿ ಅದೆ, ಕದಿರಮ್ಮನ ಅಣೇಲಿ ಅದೆ. ದಿನಾ ಇಡೋ ಇವನ ಅಣೆ ಇವತ್ತು ಬರಿದು. ಕದ್ದಿದ್ದನ್ನ ದೇವರ ಪ್ರಸಾದ ಅಂತ ಇಟ್ಕೊಳ್ಳೋಕೆ ಕೈ ಬರಲಿಲ್ಲ ಅಲ್ವೇನ್ಲಾ ನರೇಶ?"

ನರೇಶ್ ಗೋಡೆಗೊರಗಿದ. "ಹಾಳು ಮಾಡೋಕೆ ಮನಸ್ಸು ಬರಲಿಲ್ಲ ಮೇಡಂ. ಇವತ್ತಿನ ಯಂತ್ರ ತಪ್ಪಿದ್ರೆ ಸಾಕು ಅಂದ್ಕೊಂಡೆ. ಆರು ವರ್ಷ ಇದನ್ನ ಕಾಯಿಸಿದ್ದು, ಸೋಸಿದ್ದು, ಒಣಗಿಸಿದ್ದು ನಾನು. ನಿನ್ನೆ ನಿಮ್ಮ ಪ್ರಬಂಧ ನೋಡ್ದೆ. ನನ್ನ ಹೆಸರೇ ಇಲ್ಲ."

ನಾನು ಹಣೆ ಒರೆಸಲು ಹೋದೆ.

"ಒರೆಸ್ಬೇಡ ಕಣಯ್ಯಾ," ಎಂದ ಕುಪ್ಪುಸ್ವಾಮಿ. "ಅವಳ ಆಯಸ್ಸು ಒಂದಿಷ್ಟು ನಿನ್ನ ಅಣೆ ಮೇಲೂ ಅದೆ."

ಅಂಬಿಕ ಪುಡಿಯನ್ನು ಸೀಸೆಗೆ ತುಂಬಿ ಬಿರಡೆ ಹಾಕಿದಳು. ಮೇಜಿನ ಖಾನೆಯಿಂದ ಪ್ರಬಂಧ ತೆಗೆದು, ಮೊದಲ ಪುಟದಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ನರೇಶನ ಹೆಸರು ಬರೆದು, ಆ ಹಾಳೆಯನ್ನು ಅವನ ಕೈಗಿಟ್ಟಳು.