ಮೂರು ಹೊತ್ತಿನ ಮದ್ದು

“ನಾಲಗೆ ತೋರಿಸು. ಉದ್ದ ಮಾಡು. ಇನ್ನೂ ಉದ್ದ!”

ಅಣ್ಣು ಗಲ್ಲದವರೆಗೆ ನಾಲಗೆ ಚಾಚಿದ. ರೋಗಿಗೆ ನಾಲ್ಕು ವರ್ಷ. ಐದನೇ ಕ್ಲಾಸಿನ ಡಾಕ್ಟರ್ ಸುಭಾಷಿಣಿ ಕೊರಳಿಗೆ ಅಪ್ಪನ ಬೆಲ್ಟು ನೇತುಹಾಕಿಕೊಂಡು ಗಂಭೀರವಾಗಿ ತಲೆಯಾಡಿಸಿದಳು. “ನಿನಗೆ ಜೋರು ಕೆಮ್ಮು ಉಂಟು.”

“ಇಲ್ಲ ಅಕ್ಕಾ.”

“ಡಾಕ್ಟ್ರಿಗೇ ಎದುರು ಮಾತಾಡ್ತೀಯಾ? ಕೆಮ್ಮು!”

ಅಣ್ಣು ಕೆಮ್ಮಿದ.

ದಿನವೂ ಅವನಿಗೆ ಬೆಲ್ಲದ ನೀರೇ ಮದ್ದು. ಇವತ್ತು ರೋಗಿ ಹಠ ಹಿಡಿದ. ಅಪ್ಪನ ಕೆಂಪು ಮದ್ದೇ ಬೇಕಂತೆ! ಅಪ್ಪ ರಘುಪತಿ ಮಾಸ್ಟ್ರ ಕೆಮ್ಮಿಗೆ ಡಾಕ್ಟರು ಬರೆದುಕೊಟ್ಟು, ಕಂಪೌಂಡರ್ ತುಂಬಿಸಿಕೊಟ್ಟ ಬಾಟಲಿ ಕಪಾಟಿನಲ್ಲಿತ್ತು. ಒಂದು ಸಲಕ್ಕೆ ಎಷ್ಟು ಎಂದು ತಿಳಿಯಲು ಅದರ ಮೈಮೇಲೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ್ದರು. ಆ ಮದ್ದು ಸಿಹಿ ಎಂದು ಸುಭಾಷಿಣಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡಿ.

“ದಿನಕ್ಕೆ ಮೂರು ಹೊತ್ತು,” ಎಂದಳು. ಆಟದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲವೂ ಐದೇ ನಿಮಿಷದಲ್ಲಿ ಮುಗಿದುಹೋಗುತ್ತವೆ. ಅಣ್ಣು ಮೂರು ಮುಚ್ಚಳ ಕುಡಿದು ತುಟಿ ನೆಕ್ಕಿದ.

ಬಾಟಲಿಯ ಮದ್ದು ಎರಡು ಹಲ್ಲು ಕೆಳಗಿಳಿದಿತ್ತು. ಅಷ್ಟಕ್ಕೆಲ್ಲ ಹೆದರುವ ಹುಡುಗಿಯೇ ಇವಳು? ಅಡುಗೆಮನೆಯಲ್ಲಿ ಪುನರ್ಪುಳಿ ಶರಬತ್ತಿತ್ತು. ಅದೂ ಕೆಂಪು. ಮೊದಲಿದ್ದ ಹಲ್ಲಿಗೆ ಸರಿಯಾಗಿ ಅದನ್ನು ತುಂಬಿಸಿ ಇಟ್ಟುಬಿಟ್ಟಳು.

ಶಾಲೆಯಿಂದ ತಡವಾಗಿ ಬಂದ ಅಪ್ಪ ಒಂದು ಗುಟುಕು ಕುಡಿದು ಮುಖ ಹಿಂಡಿದರು. “ಎಂತ ಮಾರಾಯ್ತಿ, ಮದ್ದು ಹುಳಿ ಉಂಟಲ್ಲ!”

“ಕೆಮ್ಮಿ ಕೆಮ್ಮಿ ನಿಮ್ಮ ನಾಲಗೆಯೇ ಕೆಟ್ಟಿದೆ,” ಎಂದರು ಅಮ್ಮ. ಸುಭಾಷಿಣಿ ಬಾಗಿಲ ಹಿಂದೆ ಬಾಯಿಗೆ ಲಂಗ ತುರುಕಿಕೊಂಡು ನಕ್ಕಳು.

ಅಮ್ಮ ಗೋಳಿಬಜೆ ಕರಿದರು. ಬಾಣಲೆಯ ಸದ್ದಿಗೇ ಓಡಿಬರುವ ಅಣ್ಣು ಚಾಪೆ ಬಿಟ್ಟು ಏಳಲಿಲ್ಲ. ಕರೆದರೂ ಏಳಲಿಲ್ಲ, ಅಲ್ಲಾಡಿಸಿದರೂ ಏಳಲಿಲ್ಲ. ಎತ್ತಿದರೆ ಕತ್ತು ವಾಲಿತು.

ಪಕ್ಕದ ಮನೆಯ ನರ್ಸ್ ಗ್ಲ್ಯಾಡಿಸ್ ಬಾಯಿ ಓಡಿಬಂದರು. ಅಣ್ಣುವಿನ ಕಣ್ಣರೆಪ್ಪೆ ಎತ್ತಿ ನೋಡಿ, ಎದೆಯ ಮೇಲೆ ಕೈಯಿಟ್ಟರು. “ಉಸಿರು ತುಂಬಾ ನಿಧಾನ ಉಂಟು. ಎಂತಾದರೂ ಮದ್ದು ಕುಡಿದಿದ್ದಾನಾ?”

“ಇಲ್ಲ ಬಾಯಿ. ಬಾಟಲಿ ನೋಡಿ, ಇವರು ಕುಡಿದದ್ದು ಬಿಟ್ಟರೆ ಒಂದು ಹನಿಯೂ ಕಡಿಮೆಯಾಗಲಿಲ್ಲ,” ಎಂದರು ಅಮ್ಮ.

ಬಾಟಲಿ ಸುಭಾಷಿಣಿಯ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಪೆಟ್ಟು ತಪ್ಪುತ್ತಿತ್ತು. ಅಷ್ಟರಲ್ಲಿ ಅಣ್ಣು ಒಂದು ಉಸಿರೆಳೆದ. ಇನ್ನೊಂದು ಬರಲು ಬಹಳ ಹೊತ್ತಾಯಿತು.

“ಬಾಟಲಿ ಸುಳ್ಳು!” ಎಂದು ಅವಳು ಕಿರುಚಿದಳು. “ಮೂರು ಮುಚ್ಚಳ ನಾನೇ ಕೊಟ್ಟೆ. ಆಮೇಲೆ ಪುನರ್ಪುಳಿ ತುಂಬಿಸಿದೆ!”

ಅಪ್ಪನ ಕೈ ಮೇಲೆದ್ದಿತು. ಗ್ಲ್ಯಾಡಿಸ್ ಬಾಯಿ ಅದನ್ನು ತಡೆದರು. “ಹೊಡೆಯಲಿಕ್ಕೆ ಆಮೇಲೆ ಟೈಮ್ ಉಂಟು ಮಾಸ್ಟ್ರೇ. ಮೊದಲು ಕಾರು ತನ್ನಿ. ಬಾಟಲಿಯೂ ಬರಲಿ. ಸುಭಾ, ನೀನೂ ಬಾ. ಈಗ ಹೇಳಿದ್ದನ್ನೇ ಅಲ್ಲಿಯೂ ಹೇಳಬೇಕು.”

ಮಣಿಪಾಲದ ಆಸ್ಪತ್ರೆಯಲ್ಲಿ ನಿಜವಾದ ಡಾಕ್ಟರು ಕೇಳಿದರು: ಎಷ್ಟು ಗಂಟೆಗೆ? ಎಷ್ಟು ದೊಡ್ಡ ಮುಚ್ಚಳ? ಸುಭಾಷಿಣಿ ಬಿಕ್ಕುತ್ತಲೇ ಒಂದನ್ನೂ ಬಿಡದೆ ಹೇಳಿದಳು. ಅವರು ಅಣ್ಣುವಿಗೆ ಇಂಜೆಕ್ಷನ್ ಚುಚ್ಚಿದರು.

“ದೊಡ್ಡವರ ಕೆಮ್ಮನ್ನು ಮಲಗಿಸುವ ಮದ್ದು ಸಣ್ಣವರ ಉಸಿರನ್ನೇ ಮಲಗಿಸಿಬಿಡ್ತದೆ,” ಎಂದರು ಡಾಕ್ಟರು, ಅಪ್ಪನ ಕಡೆ ತಿರುಗಿ. “ಕಪಾಟಿಗೆ ಬೀಗ ಇಲ್ವಾ?”

ಸ್ವಲ್ಪ ಹೊತ್ತಿಗೆ ಅಣ್ಣು ಕಣ್ಣು ಬಿಟ್ಟ. ಸೂಜಿಯ ನೋವಿಗೆ ಅವನಿಗೆ ಸಿಟ್ಟೋ ಸಿಟ್ಟು. ಕೈಗೆ ಸಿಕ್ಕಿದ ಅಕ್ಕನ ಜಡೆಯನ್ನೇ ಹಿಡಿದು ಜಗ್ಗಿದ.

ಬೇರೆ ದಿನವಾಗಿದ್ದರೆ ಅವನ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ಸುಭಾಷಿಣಿ ತಲೆಯನ್ನು ಅವನ ಹತ್ತಿರಕ್ಕೆ ಇನ್ನಷ್ಟು ಬಗ್ಗಿಸಿ ಕೊಟ್ಟಳು.

“ಎಳಿ ಅಣ್ಣು,” ಎಂದಳು. “ಇನ್ನೂ ಗಟ್ಟಿ ಎಳಿ.”