ಉಕ್ಕಿನ ಗುಂಡಿನ ಮೇಲೆ ವಿಭೂತಿ

ನನ್ನನ್ನು ಕಂಡು ಹೆದರುವವರು ಈ ಲೋಕದಲ್ಲಿ ಯಾರಾದರೂ ಇದ್ದರೆ ಅವರು ಕಾರ್ಖಾನೆಗಳ ಕ್ವಾಲಿಟಿ ವಿಭಾಗದವರು. ಅಳೆಯುವ ಮಿಷನ್ನುಗಳೇ ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ಉಳಿದಂತೆ ನಾನು ಹುಟ್ಟು ಪುಕ್ಕಲ. ತಿಪಟೂರಿನ ಹೊರಗೆ ತೆಂಗಿನ ಮರ ಹತ್ತುವ ಮಿಷನ್ ತಯಾರಿಸುವ ಆ ಪುಟ್ಟ ಕಾರ್ಖಾನೆಗೆ ಪ್ರತಿ ವರ್ಷ ಹೋಗುತ್ತಿದ್ದರೂ, ಅಲ್ಲಿ ಅಳೆಯುವ ಮಿಷನ್ ನೋಡಿಕೊಳ್ಳುವ ಗಾನವಿಯ ಹತ್ತಿರ ಮನಸ್ಸಿನ ಮಾತು ಆಡುವ ಧೈರ್ಯ ನನಗೆ ಬಂದಿರಲಿಲ್ಲ.

ಈ ಸಲ ಬಾಗಿಲು ತೆಗೆದವಳೇ ಮುಖ ಗಂಟಿಕ್ಕಿದಳು.

"ಬಂದ್ರಾ ಭುವನ್ ಸಾರ್, ತಪ್ಪು ಹುಡುಕೋಕೆ?"

"ಇಲ್ದೇ ಇರೋ ತಪ್ಪು ನಾನೆಲ್ಲಿಂದ ಹುಡುಕ್ಲಿ ಕಣ್ರೀ?"

"ಮತ್ತೆ ನನ್ನನ್ಯಾಕೆ ಹಂಗೆ ಗುರಾಯಿಸ್ತೀರಿ? ಪ್ರತಿ ಸಲಾನೂ ನೋಡಿದೀನಿ. ಏನೋ ಕದ್ದಿದೀನಿ ಅನ್ನೋ ಹಂಗೆ!"

ಕದ್ದಿದ್ದು ನಿಜ, ಆದರೆ ಅದನ್ನು ಹೇಳುವುದು ಹೇಗೆ? ಪೆಟ್ಟಿಗೆಯಿಂದ, ನಿಖರ ಅಳತೆ ಮೊದಲೇ ಗೊತ್ತಿರುವ ಉಕ್ಕಿನ ಬಿಲ್ಲೆಗಳನ್ನು ತೆಗೆದು ಕಪ್ಪು ಕಲ್ಲಿನ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವು ಎಸಿ ಕೋಣೆಯ ತಂಪಿಗೆ ಹೊಂದಿಕೊಳ್ಳುವವರೆಗೆ ಅಳೆಯುವಂತಿಲ್ಲ. ಬಿಸಿಲು ತಿಂದ ಉಕ್ಕು ಹಿಗ್ಗಿರುತ್ತದೆ. ಹಾಗಾಗಿ ಇಬ್ಬರೂ ಸುಮ್ಮನೆ ಕೂತು ಕಾಯಬೇಕಾಯಿತು. ಅವಳು ಶಾಲನ್ನು ಕಿವಿಯವರೆಗೆ ಎಳೆದುಕೊಂಡು, ನಾನು ಅತ್ತ ತಿರುಗಿದಾಗ ನನ್ನನ್ನು ನೋಡುತ್ತಿದ್ದಳು. ಇತ್ತ ತಿರುಗಿದರೆ ಗೋಡೆ ನೋಡುತ್ತಿದ್ದಳು.

"ನಿಮ್ಮ ಮರ ಹತ್ತೋ ಮಿಷನ್ ಒಂದು ನಮ್ಮಪ್ಪನಿಗೆ ಕೊಡಿಸಿದೀನಿ," ಎಂದೆ. ಮಾತಿಗೆ ಏನಾದರೂ ಬೇಕಿತ್ತು. "ದಸರಾ ಹಬ್ಬ ಆದ ಮೇಲೆ ತಗೊಂಡೆ. ಕಾಯಿ ಕೆಡವೋರು ಸಿಗ್ತಿಲ್ಲ, ಅಪ್ಪನೇ ಹತ್ತುತಾರೆ."

ಗಂಟಿಕ್ಕಿದ್ದ ಮುಖ ಅರಳಿತು. "ಜಾರದಂಗೆ ಹಿಡಿಯೋ ಅದರ ಲಾಕು ಪಾಸ್ ಮಾಡೋದು ನಾನೇ ಕಣ್ರೀ. ಧೈರ್ಯವಾಗಿ ಹತ್ತೋಕೆ ಹೇಳಿ!"

ಆ ನಗುವನ್ನೇ ನೆನೆಯುತ್ತ ಅಳತೆ ಶುರು ಮಾಡಿದೆ. ಮಿಷನ್ನಿನ ಪ್ರೋಬ್, ಅಂದರೆ ಮುಟ್ಟಿ ಅಳೆಯುವ ಕಡ್ಡಿ, ಇಳಿದು ಮೊದಲ ಬಿಲ್ಲೆಯನ್ನು ಮುಟ್ಟಿತು. ಇರುವುದಕ್ಕಿಂತ ಕೂದಲೆಳೆಯಷ್ಟು ಕಡಿಮೆ ತೋರಿಸಿತು. ಉದ್ದ ಬಿಲ್ಲೆಗೂ ಅಷ್ಟೇ ಕಡಿಮೆ. ಮತ್ತೆ ಮಾಡಿದೆ, ಮತ್ತೂ ಅಷ್ಟೇ. ಗಿಡ್ಡಕ್ಕೂ ಉದ್ದಕ್ಕೂ ಒಂದೇ ತಪ್ಪು ಬಂದರೆ ದೋಷ ಮಿಷನ್ನಿನ ಓಟದ್ದಲ್ಲ, ಪ್ರೋಬ್ ತುದಿಯ ಲೆಕ್ಕದ್ದು. ತನ್ನ ತುದಿ ಎಷ್ಟು ದಪ್ಪ ಎಂಬುದನ್ನು ಮಿಷನ್ನು ತಿಳಿಯುವುದು ಮೇಜಿನ ಮೂಲೆಯ ಒಂದು ಉಕ್ಕಿನ ಗುಂಡನ್ನು ಮುಟ್ಟಿ. ಬಗ್ಗಿ ನೋಡಿದೆ. ಗುಂಡಿನ ಮೇಲೆ ತೆಳ್ಳಗೆ ಬೆಳ್ಳನೆಯ ಪೊರೆ ಒಣಗಿತ್ತು.

"ಇದೇನ್ರೀ?"

"ವಿಭೂತಿ," ಎಂದಳು. ದನಿ ಆಗಲೇ ಇಳಿದಿತ್ತು. "ಆಯುಧಪೂಜೆ ದಿನ ಓನರ್ ತಾಯಿ ಸರ್ವಮಂಗಳಮ್ಮ, ಲಿಂಗ ಇದ್ದಂಗೈತೆ ಅಂತ ಕಲಸಿ ಹಚ್ಚಿದ್ರು. ಮಠದ ವಿಭೂತಿ. ಸ್ಪಿರಿಟ್ ಹಾಕಿ ಉಜ್ಜೋಕೆ ಮನಸ್ಸು ಬರ್ಲಿಲ್ಲ. ಬಟ್ಟೇಲಿ ಮೆತ್ತಗೆ ಒರೆಸಿದ್ದೆ ಅಷ್ಟೇ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಪಾಸಾದ ಮಾಲಿನ ಟ್ರೇಯಿಂದ ಒಂದು ಲಾಕ್ ತೆಗೆದು ಅದರ ತೂತಿಗೆ ಪಿನ್ ಬಿಟ್ಟಳು. ಟಕ್ ಎಂದಿತು. ಬೆರಳಲ್ಲಿ ಮೆಲ್ಲಗೆ ತಾಗಿಸಿದರೆ ಜಾರಿ ಹೊರಗೆ ಬಂತು.

"ತೂತು ಸಣ್ಣದೈತೆ. ವಿಭೂತಿ ಪೊರೆಯಿಂದ ಮಿಷನ್ನು ತನ್ನ ತುದಿ ದಪ್ಪ ಅಂದ್ಕೊಂಡು, ಬಿಲ್ಲೇನ ಚಿಕ್ಕದು ಅಂದಂಗೇ ತೂತನ್ನ ದೊಡ್ಡದು ಅಂತ ತೋರ್ಸಿ ಪಾಸ್ ಮಾಡೈತೆ. ಪಿನ್ನು ಕೂತಂಗೆ ಕಾಣ್ತೈತೆ, ಕೂತಿಲ್ಲ." ನನ್ನತ್ತ ತಿರುಗಿದಳು. "ನೀವು ತಗೊಂಡಿದ್ದು ಹಬ್ಬ ಆದ ಮೇಲೆ ಅಂದ್ರಲ್ವಾ? ಅಪ್ಪ ಈಗ ಎಲ್ಲವ್ರೆ?"

"ತೋಟದಲ್ಲಿ. ಇವತ್ತೇ ಕಾಯಿ ಕೆಡವ್ತೀನಿ ಅಂದಿದ್ರು."

ಅಪ್ಪನ ಫೋನು ರಿಂಗಾಗುತ್ತಲೇ ಇತ್ತು, ಎತ್ತುವವರಿರಲಿಲ್ಲ.

ನಮ್ಮೂರಿನ ಕಡೆಯ ಹಾಲ್ಕುರಿಕೆ ರಸ್ತೆಯಲ್ಲಿ ಬೈಕು ಹೇಗೆ ಓಡಿಸಿದೆನೋ ಶಿವನೇ ಬಲ್ಲ. ಹಿಂದೆ ಕೂತ ಗಾನವಿ, ಹಬ್ಬದ ನಂತರ ಮಿಷನ್ ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಳು. "ಹತ್ತಬೇಡಿ. ತಪ್ಪು ನಮ್ದೇ. ಮರ ಹತ್ತಬೇಡಿ." ದನಿ ಗಟ್ಟಿಯಾಗಿತ್ತು. ಊರು ಬರುವಷ್ಟರಲ್ಲಿ ಎಲ್ಲರೂ ಸಿಕ್ಕಿದ್ದರು, ಅಪ್ಪನೊಬ್ಬರನ್ನು ಬಿಟ್ಟು.

ಪಂಪ್‌ಹೌಸಿನ ಬಾಗಿಲಿಗೆ ತೂಗುಹಾಕಿದ ಅಂಗಿಯೊಳಗೆ ಫೋನು ಅರಚುತ್ತಿತ್ತು. ಅಪ್ಪ ಮರದ ತುದಿಯಲ್ಲಿದ್ದರು. ಕೂಗಲು ಬಾಯಿ ತೆರೆದೆ. ನನ್ನ ಜೀವ ಅಲ್ಲಿ ಮೇಲಿತ್ತು.

ಗಾನವಿ ನನ್ನ ತೋಳು ಹಿಡಿದಳು. "ಕಿರುಚಬೇಡಿ, ಬೆಚ್ಚಿಬೀಳ್ತಾರೆ." ಆಮೇಲೆ ಅವರಿಗೆ ಕಾಣುವಂತೆ ಬಯಲಿಗೆ ಹೋಗಿ ನಿಂತು, ಪಕ್ಕದ ಮನೆಯವರನ್ನು ಮಾತಾಡಿಸುವಂತೆ ಕರೆದಳು. "ಅಪ್ಪಾಜೀ, ಮಿಷನ್ ಕಂಪನಿಯಿಂದ ಬಂದಿದೀನಿ. ಒಂಚೂರು ಕುಡುಗೋಲು ಕೆಳಗೆ ಬುಡ್ತೀರಾ?"

"ಯಾಕವ್ವಾ?"

"ಎರಡೂ ಕೈ ಬೇಕು ಅದಕ್ಕೆ. ಹಿಡಿ ಬುಡದಲ್ಲಿ ಪಿನ್ನೈತಲ್ಲ, ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊಂಡೇ ಕಾಲಿನ ಭಾರ ಬುಡಿ. ಒಂದೊಂದೇ ಕಾಲು. ಅವಸರ ಬ್ಯಾಡ."

ಅಪ್ಪ ಕುಡುಗೋಲು ಬಿಟ್ಟು ಇಳಿಯತೊಡಗಿದರು. ಅರ್ಧ ದಾರಿಯಲ್ಲಿ ಹೆಬ್ಬೆರಳು ತಪ್ಪಿತೇನೋ, ಮಿಷನ್ನಿನ ಬಲಗಡೆಯ ಕಬ್ಬಿಣ ಕಿರ್ರೆಂದು ಜಾರಿತು. ಅಪ್ಪ ಮರವನ್ನು ತಬ್ಬಿದರು. ನಾನು ಕಣ್ಣು ಮುಚ್ಚಿಬಿಟ್ಟೆ.

"ತಬ್ಕೊಂಡಿರಿ ಅಪ್ಪಾಜಿ. ಉಸಿರು ತಗೊಳಿ. ಈಗ ಒತ್ತಿ... ಹಾಂ, ಹಂಗೇ."

ಅವಳ ದನಿಯನ್ನೇ ಹಿಡಿದುಕೊಂಡು ಅಪ್ಪ ನೆಲ ಮುಟ್ಟಿದರು. ಎದೆಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಮರಕ್ಕೆ ಒರಗಿ ಕುಸಿದು ಕೂತರು.

ಗಾನವಿ ಅವರ ಮುಂದೆ ನಿಂತಳು. "ಆ ಲಾಕು ಪಾಸ್ ಮಾಡಿದ್ದು ನಾನೇ. ಬೈಯಂಗಿದ್ರೆ ನನ್ನನ್ನ ಬೈರಿ."

ಅಪ್ಪ ಅವಳನ್ನು ದಿಟ್ಟಿಸಿದರು. "ಬೈತೀನಿ ಕಣವ್ವ, ಬುಡ್ತೀನಾ? ಮೊದ್ಲು ಒಂದು ಗುಟುಕು ನೀರು ತತ್ತಾ."

ಪಂಪಿನ ಹತ್ತಿರ ತಂಬಿಗೆ ಹಿಡಿದವಳಿಗೆ ಕೈ ನಿಲ್ಲದೆ ನೀರೆಲ್ಲ ಚೆಲ್ಲಿತು. ಅಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಲೇ ಬಂತು. ನಾನು ತಂಬಿಗೆ ಇಸಿದುಕೊಂಡೆ. ಇಷ್ಟು ಹೆದರಿದ ಮೇಲೆ ಇನ್ನು ಹೆದರಲು ನನ್ನೊಳಗೆ ಏನೂ ಉಳಿದಿರಲಿಲ್ಲ.

"ಗಾನವಿ, ನಾನು ಗುರಾಯಿಸ್ತಿರಲಿಲ್ಲ ಕಣ್ರೀ. ನಿಮ್ಮನ್ನ ಇಷ್ಟಪಟ್ಟು ನೋಡ್ತಿದ್ದೆ. ಮದುವೆ ಆಗ್ತೀರಾ?"

ಅವಳು ಕಣ್ಣೊರೆಸಿಕೊಂಡಳು. "ಸರ್ಟಿಫಿಕೇಟಲ್ಲಿ ಏನು ಬರೀತೀರಿ?"

"ಫೇಲ್ ಅಂತ. ಇಷ್ಟು ದಿನದ ಮಾಲೆಲ್ಲ ವಾಪಸ್ ತರಿಸ್ಬೇಕು ಅಂತ."

"ನನ್ನ ಕೆಲಸ ಹೋಗ್ಬೋದು."

"ಹೋಗ್ಬೋದು. ಆದ್ರೂ ಹಂಗೇ ಬರೀತೀನಿ."

"ನಂಗೋಸ್ಕರ ಪಾಸ್ ಅಂತ ಬರೆದುಬುಡ್ತೀರೇನೋ ಅಂತ ದಾರಿ ಪೂರಾ ಭಯ ಆಗಿತ್ತು," ಎಂದಳು. "ಬರೀತೀನಿ ಅಂದಿದ್ರೆ ನಿಮ್ಮ ಮುಖ ನೋಡ್ತಿರಲಿಲ್ಲ."

"ಈಗ?"

"ಲೇ ಭುವನಾ, ನೀರು ತಾರ್ಲಾ!" ಅಪ್ಪ ಕೂಗಿದರು.

ಅವಳು ತಂಬಿಗೆಯ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. "ನಂಗಿನ್ನೂ ನಡುಕ ಹೋಗಿಲ್ಲ. ಬೈಸ್ಕೊಂಡು ಮುಗಿಯೋವರ್ಗೂ ಪಕ್ಕದಲ್ಲೇ ಇರಿ."

ಹೂಂ ಎಂದೆ. ಇಬ್ಬರೂ ಒಂದೇ ತಂಬಿಗೆ ಹಿಡಿದುಕೊಂಡು ಅಪ್ಪನ ಹತ್ತಿರ ಹೋದೆವು.